ಲಡಿ ಸುತ್ತಿದ ಕೇಬಲ್ಲು

ಮಾರ್ಚ್ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಪ್ಯಾಕಿಂಗ್ ಶೆಡ್ಡಿನ ತಪಾಸಣಾ ಮೇಜಿನ ಮುಂದೆ ನಾವು ಮೂವರಿದ್ದೆವು: ಮ್ಯಾನೇಜರು, ಪ್ಯಾಕಿಂಗ್ ಲೈನಿನ ಲೀಡರ್ ಆಗಿದ್ದ ಹೆಣ್ಣುಮಗಳು, ತಪಾಸಣೆಯ ಜವಾಬ್ದಾರಿ ಹೊತ್ತ ನಾನು. ಮೇಜಿನ ಮೇಲೆ ನೆಲಮಂಗಲದ ಗೋದಾಮಿನಿಂದ ವಾಪಸು ಬಂದ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಅದರೊಳಗೆ ಇಪ್ಪತ್ತು ಹೆಡ್‌ಫೋನುಗಳು. ಹೆಡ್‌ಫೋನುಗಳಿಗೆ ಏನೂ ಆಗಿರಲಿಲ್ಲ. ಅವುಗಳ ಜೊತೆ ಕೊಡುವ ಕೇಬಲ್ಲುಗಳಲ್ಲಿ ಆರು ಸತ್ತಿದ್ದವು.

ನಮ್ಮ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಹೆಡ್‌ಫೋನು ಒಂದು ಕಡೆಯಿಂದ ಬರುತ್ತದೆ, ಕೇಬಲ್ಲು ಇನ್ನೊಂದು ಕಡೆಯಿಂದ. ನಾವು ಎರಡನ್ನೂ ಪರೀಕ್ಷಿಸಿ ಒಂದೇ ಡಬ್ಬಿಯಲ್ಲಿಟ್ಟು, ಮುಚ್ಚಿ, ಸೀಲ್ ಚೀಟಿ ಅಂಟಿಸಿ ಕಳಿಸುತ್ತೇವೆ. ಹೆಡ್‌ಫೋನು ಬ್ಲೂಟೂತಿನದು. ಬ್ಯಾಟರಿ ಮುಗಿದಾಗ ಬಳಸಲೆಂದು ಒಂದು ಮೀಟರ್ ಕೇಬಲ್ಲನ್ನು ಡಬ್ಬಿಯಲ್ಲೇ ಕೊಡುತ್ತಾರೆ. ಹೆಡ್‌ಫೋನಿಗೆ ಮಖಮಲ್ಲಿನಂಥ ಹಾಸಿಗೆ. ಕೇಬಲ್ಲಿಗೆ ಮೂಲೆಯಲ್ಲಿ ರಟ್ಟು ಮಡಚಿ ಮಾಡಿದ, ಎರಡು ಬೆರಳಗಲದ ಗೂಡು.

ನಾನು ಮೂವತ್ತೊಂದು ವರ್ಷ ಟೆಲಿಫೋನ್ ಕಾರ್ಖಾನೆಯ ವೈರ್ ವಿಭಾಗದಲ್ಲಿದ್ದವಳು. ಏಳೂವರೆಗೆ ಸೈರನ್ ಆದರೆ ಏಳು ಇಪ್ಪತ್ತೈದಕ್ಕೆ ಸ್ಟೂಲಿನ ಮೇಲಿರಬೇಕು. ಇಕ್ಕಳ ಎತ್ತಿಕೊಂಡ ಜಾಗದಲ್ಲೇ ಇಕ್ಕಳ ಇಡಬೇಕು. ಆ ಶಿಸ್ತು ಈ ಅರವತ್ತೇಳರ ವಯಸ್ಸಿನಲ್ಲೂ ಬಿಟ್ಟಿಲ್ಲ. ಅದೇ ಶಿಸ್ತು ನನಗೆ ಕೈಕೊಟ್ಟ ಒಂದು ವಾರದ ಕಥೆ ಇದು.

ಮ್ಯಾನೇಜರು ತನಿಖೆಗೆ ಮೊದಲೇ ತೀರ್ಪು ತಂದಿದ್ದರು. ಲೈನ್ ಲೀಡರ್ ದಿನದ ಲೆಕ್ಕ ಮುಟ್ಟಿಸುವ ಅವಸರದಲ್ಲಿ ಕೇಬಲ್ಲು ಪರೀಕ್ಷಿಸದೆಯೇ ರಿಜಿಸ್ಟರಿಗೆ ಸಹಿ ಹಾಕುತ್ತಾಳೆ ಎಂಬುದು ಅವರ ವಾದ. ಶನಿವಾರ ಹತ್ತು ಗಂಟೆಗೆ ಗ್ರಾಹಕ ಕಂಪನಿಯ ಇನ್‌ಸ್ಪೆಕ್ಟರ್ ಬರುವುದಿತ್ತು. ಸ್ಟೋರಿನಲ್ಲಿ ಅವತ್ತಿಗೆ ಸಾವಿರದ ಇನ್ನೂರು ಡಬ್ಬಿಗಳು ಸಿದ್ಧವಿರಬೇಕಿತ್ತು. ಅಷ್ಟರೊಳಗೆ ತಪ್ಪು ಯಾರದೆಂದು ಬರೆದುಕೊಡಬೇಕು, ಆಕೆಯನ್ನು ಕೆಲಸದಿಂದ ಬಿಡಿಸುತ್ತೇನೆ ಎಂದರು. ಆಕೆಯ ಎದುರಿಗೇ ಹೇಳಿದರು.

ಆಕೆಯ ತವರು ಇಲ್ಲೇ ರೇಷ್ಮೆ ಬೆಳೆಯುವ ವಿಜಯಪುರದ ಕಡೆ, ಉತ್ತರದ ಜಿಲ್ಲೆಯಲ್ಲ. ಅಣ್ಣನ ಮನೆಯಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಕಸುಬು. ಆಕೆ ಹದಿನೈದನೇ ವಯಸ್ಸಿನಿಂದ ಆ ಬಿಸಿನೀರಿನ ಬಾಣಲೆಯ ಮುಂದೆ ಕೂತವಳು. ಬೆರಳ ತುದಿಗಳ ಚರ್ಮ ಇವತ್ತಿಗೂ ಬೆಳ್ಳಗೆ ಸುಕ್ಕಾಗಿದೆ. ಈಗ ಮಗಳನ್ನು ಇಲ್ಲಿಯೇ ಶಾಲೆಗೆ ಹಾಕಿ, ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾಳೆ.

"ಟೆಸ್ಟ್ ಮಾಡ್ದೆ ಒಂದೂ ಬಿಟ್ಟಿಲ್ಲ ಅಮ್ಮ. ಬೇಕಾದ್ರೆ ದೇವ್ರ ಮುಂದೆ ಹೇಳ್ತೀನಿ," ಎಂದಳು.

"ದೇವ್ರ ಸಹಿ ನನ್ನ ರಿಜಿಸ್ಟರ್‌ನಲ್ಲಿ ನಡೆಯಲ್ಲ ಕಣಮ್ಮ. ನಿನ್ ಸಹಿ ಇದೆಯಲ್ಲ, ಅದನ್ನ ನೋಡ್ತೀನಿ, ಹೋಗು," ಎಂದೆ.

ಅವಳು ಹೋಗಲಿಲ್ಲ. ಮ್ಯಾನೇಜರು ಆಚೆ ಹೋಗುವವರೆಗೂ ನಿಂತಿದ್ದು, "ಈ ಕೆಲ್ಸ ಹೋದ್ರೆ ನಾನು ಮತ್ತೆ ಆ ಬಾಣಲೆ ಮುಂದೇನೇ ಕೂರ್ಬೇಕು. ಮಗಳ್ನೂ ಪಕ್ಕದಲ್ಲಿ ಕೂರ್ಸ್ತಾರೆ," ಎಂದು ಹೇಳಿ ಲೈನಿಗೆ ಹೋದಳು.

ಆ ದಿನ ಆರು ಕೇಬಲ್ಲುಗಳನ್ನೂ ಕೊಯ್ದು ನೋಡಿದೆ. ಕೇಬಲ್ಲಿನ ಒಂದು ತುದಿ ನೇರ, ಅದು ಫೋನಿಗೆ. ಇನ್ನೊಂದು ತುದಿ ಬಾಗಿದ್ದು, ಅದು ಹೆಡ್‌ಫೋನಿಗೆ. ಮೀಟರಿನ ಮುಳ್ಳುಗಳನ್ನು ಎರಡು ತುದಿಗೂ ಮುಟ್ಟಿಸಿ ಕೇಬಲ್ಲನ್ನು ಇಂಚಿಂಚೇ ಒತ್ತುತ್ತ ಹೋದರೆ, ತುಂಡಾದ ಜಾಗ ಸಿಕ್ಕಿದಾಗ ಮೀಟರು ಒಮ್ಮೆ ಕೂಗಿ ನಿಲ್ಲುತ್ತದೆ. ಆರಕ್ಕೆ ಆರೂ ಒಂದೇ ಜಾಗದಲ್ಲಿ ಕೂಗಿದವು: ನೇರ ತುದಿಯ ಕುತ್ತಿಗೆಯಲ್ಲಿ, ಪ್ಲಗ್ಗು ಮುಗಿದು ವೈರು ಶುರುವಾಗುವ ಕಡೆ. ಸಿಪ್ಪೆ ಸುಲಿದರೆ ಒಳಗೆ ನೂಲಿನೆಳೆಗೆ ಸುತ್ತಿದ, ಕೂದಲಿಗಿಂತ ಸಣ್ಣ ತಾಮ್ರದ ತಂತಿಗಳು. ಅವು ತುಂಡಾಗಿ ನೂಲು ಮಾತ್ರ ಉಳಿದಿತ್ತು. ಹೊರಗಿನಿಂದ ನೋಡಿದರೆ ಕೇಬಲ್ಲು ಮದುಮಗನ ಹಾಗೆ ಹೊಳೆಯುತ್ತಿತ್ತು.

ಮಂಗಳವಾರ ಕೇಬಲ್ಲು ಸರಬರಾಜು ಮಾಡುವವರ ಕಡೆಯ ಒಬ್ಬನನ್ನು ಕರೆಸಿದೆ. ಒಂಬತ್ತಕ್ಕೆ ಬರಬೇಕಾದವನು ಹನ್ನೊಂದೂಕಾಲಿಗೆ ಬಂದ. ಹೈವೇಯಲ್ಲಿ ಲಾರಿಗಳಂತೆ. ಹೈವೇಯಲ್ಲಿ ಲಾರಿ ಇಲ್ಲದ ದಿನ ಯಾವುದೆಂದು ಕೇಳಬೇಕೆನಿಸಿತು, ಕೇಳಲಿಲ್ಲ. ಪ್ರತಿ ಸಲ ಮಾಲು ಬಂದಾಗಲೂ ಒಂದು ಕೇಬಲ್ಲನ್ನು ಚೀಟಿ ಕಟ್ಟಿ ಎತ್ತಿಡುವುದು ನನ್ನ ರೂಢಿ. ಆ ಡ್ರಾಯರ್ ತೆಗೆದು ಹಳೆಯದನ್ನೂ ಹೊಸದನ್ನೂ ಅವನ ಮುಂದೆ ಜೋಡಿಸಿದೆ. ಹಳೆಯದರ ಕುತ್ತಿಗೆಗೆ ಉದ್ದನೆಯ ಮೆತ್ತನೆ ರಬ್ಬರು, ಅದರ ಮೇಲೆ ಬಳೆಬಳೆಯಾಗಿ ಸೀಳುಗಳು. ವೈರು ಬಗ್ಗಿದರೆ ಅದೂ ಜೊತೆಗೆ ಬಗ್ಗುತ್ತದೆ. ಮೂರು ತಿಂಗಳಿಂದ ಬಂದದ್ದರ ಕುತ್ತಿಗೆ ಗಿಡ್ಡ, ನುಣುಪು, ಕಲ್ಲಿನಂತೆ ಗಟ್ಟಿ.

"ಮೋಲ್ಡ್ ಚೇಂಜ್ ಆಯ್ತು ಮೇಡಂ, ಅಷ್ಟೇ. ಕರೆಂಟ್ ಪಾಸ್ ಆಗತ್ತಲ್ಲ," ಎಂದ.

ಬದಲಾಯಿಸಿದ್ದನ್ನು ತಿಳಿಸಲಿಲ್ಲವೇಕೆ ಎಂದು ಕೇಳಿದೆ. ಅವನು ಬಹಳ ನಯವಾಗಿ, ಮಕ್ಕಳಿಗೆ ಹೇಳುವಂತೆ ಹೇಳಿದ: "ಮೇಡಂ, ಇದು ಫ್ರೀ ಕೇಬಲ್. ಜನ ಬ್ಲೂಟೂತ್‌ನಲ್ಲಿ ಕೇಳ್ತಾರೆ. ಇದನ್ನ ಯಾರು ಬಾಕ್ಸಿಂದ ಆಚೆ ತೆಗೀತಾರೆ?"

"ತೆಗೆಯೋದೇ ಇಲ್ಲ ಅಂದ್ರೆ ವೈರ್ ಯಾಕಪ್ಪಾ, ಒಂದೊಂದು ಸಣಬಿನ ದಾರ ಕಳಿಸ್ಬಿಡು. ಸೌದೆ ಕಟ್ಟೋಕಾದ್ರೂ ಆಗ್ತದೆ."

ಅವನು ನಕ್ಕ. ನಾನು ನಗಲಿಲ್ಲ. ಯಾರೋ ಒಬ್ಬರು ಬಸ್ಸಿನಲ್ಲಿ, ಬ್ಯಾಟರಿ ಮುಗಿದ ಹೊತ್ತಿನಲ್ಲಿ, ಮೊದಲ ಸಲ ಅದನ್ನು ಡಬ್ಬಿಯಿಂದ ತೆಗೆಯುತ್ತಾರೆ. ಆಗ ಒಂದು ಕಿವಿ ಕೇಳದಿದ್ದರೆ ಅವರು ಬೈಯುವುದು ಡಬ್ಬಿ ಮುಚ್ಚಿದ ಕೈಯನ್ನು.

ಅವನ ಎದುರಿಗೇ ಬಗ್ಗಿಸುವ ಪರೀಕ್ಷೆ ಮಾಡಿದೆ. ಪ್ಲಗ್ಗನ್ನು ಮರದ ತುಂಡಿಗೆ ಬಿಗಿದು, ವೈರಿಗೆ ಇನ್ನೂರು ಗ್ರಾಂ ತೂಕದ ಕಲ್ಲು ಕಟ್ಟಿ, ಮರವನ್ನು ಆ ಕಡೆ ಈ ಕಡೆ ತಿರುಗಿಸುವುದು. ಒಂದು ಕೇಬಲ್ಲಿಗೆ ಸಾವಿರ ಸಲ. ಐದು ಹೊಸ ಕೇಬಲ್ಲು. ಮಧ್ಯಾಹ್ನದ ಊಟಕ್ಕೆ ಅರ್ಧ ಗಂಟೆ ಬಿಟ್ಟು ಉಳಿದ ಹೊತ್ತೆಲ್ಲ ನಾನೂ ಅವನೂ ಸರದಿಯಲ್ಲಿ ತಿರುಗಿಸಿ ಎಣಿಸಿದೆವು. ಐದೂ ಬದುಕಿ ಉಳಿದವು. ಅವನು ಮಣಿಕಟ್ಟು ತಿಕ್ಕಿಕೊಳ್ಳುತ್ತ, "ನೋಡಿದ್ರಾ ಮೇಡಂ," ಎಂದು ಬ್ಯಾಗ್ ಎತ್ತಿಕೊಂಡು ಹೊರಟ. ಆ ಕುತ್ತಿಗೆ ಕಳಪೆಯೆಂದು ನನ್ನ ಕೈಗೆ ಗೊತ್ತಿತ್ತು. ಆದರೆ ಕೈಗೆ ಗೊತ್ತಿದ್ದದ್ದನ್ನು ಫಾರಂನಲ್ಲಿ ಬರೆಯಲಾಗುವುದಿಲ್ಲ.

ಬುಧವಾರ ಲೈನ್ ಲೀಡರನ್ನೇ ಪರೀಕ್ಷಿಸಿದೆ. ಲೈನಿನಲ್ಲಿ ಎಂಟು ಹೆಂಗಸರಿದ್ದಾರೆ. ಮೊದಲ ಕುರ್ಚಿ ಲೀಡರದು. ಕೇಬಲ್ಲಿನ ಎರಡು ತುದಿಗಳನ್ನು ಒಂದು ಪೆಟ್ಟಿಗೆಗೆ ಚುಚ್ಚಿದರೆ ಎರಡು ಹಸಿರು ದೀಪ ಹತ್ತಬೇಕು, ಬಲಗಿವಿಗೊಂದು, ಎಡಗಿವಿಗೊಂದು. ಹತ್ತಿದರೆ ಪಕ್ಕದವರಿಗೆ ದಾಟಿಸುವುದು. ನಾನು ಅವಳಿಗೆ ಹೇಳದೆ, ಬೆಳಿಗ್ಗೆ ಏಳೂಮುಕ್ಕಾಲಿಗೇ ಬಂದು, ಹಿಂದೆ ಬಿಡಿಬಿಡಿಯಾಗಿ ವಾಪಸು ಬಂದಿದ್ದ ಹತ್ತು ಸತ್ತ ಕೇಬಲ್ಲುಗಳನ್ನು ಅವಳ ಬುಟ್ಟಿಯಲ್ಲಿ ಬೆರೆಸಿಟ್ಟೆ. ಆಮೇಲೆ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಹನ್ನೊಂದು ಗಂಟೆಯ ಟೀ ಹೊತ್ತಿಗೆ ಅವಳು ಒಂದು ಕಟ್ಟು ತಂದು ನನ್ನ ಮೇಜಿನ ಮೇಲಿಟ್ಟಳು.

"ನೀವು ಹಾಕಿದ್ದು ಹತ್ತು ಇರ್ಬೇಕು ಅಮ್ಮ. ನಂಗೆ ಸಿಕ್ಕಿದ್ದು ಹನ್ನೊಂದು. ಒಂದು ನಿಜವಾದ್ದೇ."

ಹತ್ತೆಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಆ ಹತ್ತಕ್ಕೂ ಸುತ್ತಿ ಬಿಚ್ಚಿದ ಗುರುತಿತ್ತಂತೆ, ಹೊಸ ಕೇಬಲ್ಲು ಹಾಗಿರುವುದಿಲ್ಲವಂತೆ. ಆ ಮಾತನ್ನು ನಾನು ಅಲ್ಲಿಯೇ ಹಿಡಿದುಕೊಳ್ಳಬೇಕಿತ್ತು. ಹಿಡಿಯಲಿಲ್ಲ. ಅವಳ ಪರೀಕ್ಷೆ ಸರಿಯಾಗಿದೆ ಎಂಬ ಸಮಾಧಾನದಲ್ಲಿ ಮ್ಯಾನೇಜರ ಬಳಿಗೆ ಹೋದೆ. ಅವರು ಕಂಪ್ಯೂಟರಿನಿಂದ ತಲೆ ಎತ್ತದೆ, ನೀವು ಶೆಡ್ಡಿನಲ್ಲಿ ಇದ್ದಿರಿ, ಅದಕ್ಕೇ ಸರಿಯಾಗಿ ಮಾಡಿದ್ದಾಳೆ ಎಂದರು. ನಾನು ಆ ಶೆಡ್ಡಿನಲ್ಲಿ ವಾರಕ್ಕೆ ಆರು ದಿನ ಇರುತ್ತೇನೆ ಎಂದು ನೆನಪಿಸಿದೆ. ಅವರು ಟೈಪ್ ಮಾಡುತ್ತಲೇ ಇದ್ದರು.

ಗುರುವಾರ ಲೈನಿನ ಇಬ್ಬರು ಗೈರುಹಾಜರು. ಒಂದೇ ಮನೆಯ ಓರಗಿತ್ತಿಯರು, ಮನೆಯಲ್ಲಿ ಮೈದುನನ ಲಗ್ನ. ಕೇಬಲ್ಲು ಸುತ್ತುವ ಒಂದು ಕುರ್ಚಿ ಖಾಲಿ ಉಳಿದದ್ದರಿಂದ ನಾನೇ ಕೂತೆ.

ಆ ಲೈನಿನಲ್ಲಿ ಕೇಬಲ್ಲನ್ನು ಸುತ್ತುವುದು ಲಡಿಯಾಗಿ. ರೇಷ್ಮೆ ನೂಲು ರಾಟೆಯಿಂದ ಇಳಿದ ಮೇಲೆ ಅದನ್ನು ಎರಡು ಕೈಯಲ್ಲಿ ಹಿಡಿದು ಹುರಿ ಹಾಕುವಂತೆ ತಿರುಚಿ, ಮಡಚಿ, ಒಂದು ತುದಿಯನ್ನು ಇನ್ನೊಂದರ ಕುಣಿಕೆಗೆ ತೂರಿಸಿ ಬಿಗಿಯುತ್ತಾರಲ್ಲ, ಹಾಗೆ. ಲೀಡರ್ ತವರಿನಿಂದ ತಂದ ವಿದ್ಯೆ ಅದು. ಅವಳಿಂದ ಎಲ್ಲರೂ ಕಲಿತಿದ್ದರು. ಲಡಿ ಮಾಡಿದ ಕೇಬಲ್ಲು ಬೆರಳುದ್ದದ ಜಡೆಯಂತೆ ಆಗಿ, ಆ ಇಕ್ಕಟ್ಟಿನ ಗೂಡಿನಲ್ಲಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಸುತ್ತಲು ರಬ್ಬರ್ ಬ್ಯಾಂಡೂ ಬೇಡ, ತಂತಿಯ ತುಂಡೂ ಬೇಡ.

ನನ್ನ ಬೆರಳಿಗೆ ಸಂಧಿವಾತ. ಲಡಿ ಬರಲಿಲ್ಲ. ನಾಲ್ಕು ಬೆರಳಿನ ಸುತ್ತ ಸಡಿಲವಾಗಿ ಸುತ್ತಿ ಒಂದು ಬಳೆ ಮಾಡಿದೆ. ಅದು ಗೂಡಿನೊಳಗೆ ಹೋಗಲಿಲ್ಲ. ಗೂಡಿನ ರಟ್ಟನ್ನು ಕಿತ್ತು, ಬಳೆಯನ್ನು ಹೆಡ್‌ಫೋನಿನ ಕೆಳಗೆ ಹಾಸಿ ಮುಚ್ಚಿದೆ. ಪಕ್ಕದ ಕುರ್ಚಿಯವಳು ಕಣ್ಣಂಚಿನಲ್ಲಿ ನೋಡುತ್ತಿದ್ದಳು.

"ಅಮ್ಮ, ಇದು ಕೇಬಲ್ಲೋ ಚಕ್ಕುಲಿನೋ?"

"ಚಕ್ಕುಲಿ ಆದ್ರೂ ಮುರಿದ್ಹೋಗ್ತಿತ್ತು ಕಣಕ್ಕ. ಇದು ದೋಸೆ ಸುತ್ತಿಟ್ಟಂಗೈತೆ," ಎಂದು ಅವಳಾಚೆಗಿನವಳು ಹೇಳಿದಳು. ಲೈನು ನಕ್ಕಿತು. ಬೇರೆ ದಿನವಾಗಿದ್ದರೆ ಗದರುತ್ತಿದ್ದೆ. ಅವತ್ತು ಗದರುವ ಹಕ್ಕಿರಲಿಲ್ಲ. ಸಂಜೆಯ ಹೊತ್ತಿಗೆ ನನ್ನ ಡಬ್ಬಿಗಳು ಮೂವತ್ತಾರು. ಮಾರನೆಯ ದಿನ ಯಾರಿಂದಲಾದರೂ ಸರಿಮಾಡಿಸಬೇಕೆಂದು, ನಾಚಿಕೆಯಿಂದ, ಪ್ರತಿಯೊಂದರ ತಳಕ್ಕೂ ಪೆನ್ಸಿಲಿನಿಂದ ಒಂದು ಅಡ್ಡಗೆರೆ ಎಳೆದಿಟ್ಟೆ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಸ್ಟೋರಿಗೆ ಹೋದೆ. ಕೆಟ್ಟ ಕೇಬಲ್ಲು ಯಾವ ದಿನದ ಮಾಲಿನಿಂದ ಶುರುವಾಯಿತೆಂದು ಹುಡುಕುವುದು ನನ್ನ ಯೋಜನೆಯಾಗಿತ್ತು. ಸ್ಟೋರಿನ ಮೇಲೆ ತಗಡಿನ ಛಾವಣಿ. ಮಾರ್ಚಿನಲ್ಲಿ ಮಧ್ಯಾಹ್ನ ಅಲ್ಲಿ ನಿಲ್ಲಲಾಗುವುದಿಲ್ಲ, ಬೆಳಿಗ್ಗೆಯೇ ಮುಗಿಸಬೇಕು. ಹಿಂದಿನ ವಾರ ಕಟ್ಟಿದ ಮೂವತ್ತಾರು ಡಬ್ಬಿ ಬಿಚ್ಚಿದೆ: ಒಂಬತ್ತು ಸತ್ತಿದ್ದವು. ಗುರುವಾರ, ಅಂದರೆ ಹಿಂದಿನ ದಿನ, ಲೈನಿನ ಉಳಿದವರು ಕಟ್ಟಿದ್ದರಲ್ಲಿ ಮೂವತ್ತಾರು ಬಿಚ್ಚಿದೆ: ನಾಲ್ಕು. ಎಲ್ಲ ಕೇಬಲ್ಲೂ ಒಂದೇ ಚೀಲದ್ದು. ಚೀಲ ಒಂದೇ ಆಗಿದ್ದು, ಹಳೆಯದರಲ್ಲಿ ಹೆಚ್ಚು, ಹೊಸದರಲ್ಲಿ ಕಡಿಮೆ. ಕಟ್ಟುವಾಗ ಎಲ್ಲದಕ್ಕೂ ಹಸಿರು ದೀಪ ಹತ್ತಿತ್ತು. ಎಂದರೆ ಇವು ಡಬ್ಬಿಯೊಳಗೆ ಮಲಗಿದ್ದಲ್ಲಿಯೇ ಸಾಯುತ್ತಿದ್ದವು.

ನನಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದ ಸಿಟ್ಟು. ಉಳಿದಿದ್ದ ನನ್ನ ಅಡ್ಡಗೆರೆಯ ಡಬ್ಬಿಗಳನ್ನು, ಹೇಗಿದ್ದರೂ ಬಿಚ್ಚಲೇಬೇಕಲ್ಲ ಎಂದು, ಬಿಚ್ಚಿ ಪರೀಕ್ಷಿಸಿದೆ. ಮೂವತ್ತಾರಕ್ಕೆ ಮೂವತ್ತಾರೂ ಬದುಕಿದ್ದವು. ಇನ್ನೊಮ್ಮೆ ಪರೀಕ್ಷಿಸಿದೆ. ಬದುಕಿದ್ದವು.

ಆಗ ಒಂದು ಲಡಿಯನ್ನು ಕೈಗೆತ್ತಿಕೊಂಡು, ಬಿಚ್ಚದೆ, ಕಿಟಕಿಯ ಬೆಳಕಿಗೆ ಹಿಡಿದೆ. ಲೀಡರನ್ನು ಕರೆದು ಇನ್ನೊಂದನ್ನು ನಿಧಾನವಾಗಿ ಸುತ್ತಿ ತೋರಿಸಲು ಹೇಳಿದೆ. ತಿರುಚಿದಳು, ಮಡಚಿದಳು, ನೇರ ಪ್ಲಗ್ಗಿನ ತಲೆಯನ್ನು ಕುಣಿಕೆಗೆ ತೂರಿಸಿ ಒಮ್ಮೆ ಜಗ್ಗಿದಳು.

"ಯಾಕೆ ಜಗ್ತೀಯ?"

"ಜಗ್ಗಿಲ್ದಿದ್ರೆ ಲಡಿ ಬಿಚ್ಕೊಳ್ತದೆ ಅಮ್ಮ. ರೇಷ್ಮೆಗೂ ಹಂಗೇ ಮಾಡೋದು."

"ನೇರ ತಲೆನೇ ಯಾಕೆ ತೂರ್ಸ್ತೀಯ?"

"ಬಾಗಿದ್ದು ಕುಣಿಕೇಲಿ ಹೋಗಲ್ವಲ್ಲ."

ಅಷ್ಟೇ. ಕುತ್ತಿಗೆ ಹಿಡಿದು ಹಿಂದಕ್ಕೆ ಮುರಿದಂತೆ ನಿಂತಿತ್ತು ಆ ಪ್ಲಗ್ಗು. ರೇಷ್ಮೆಯ ಒಳಗೆ ತಾಮ್ರವಿಲ್ಲ, ಎಷ್ಟು ಜಗ್ಗಿದರೂ ತಾಳಿಕೊಳ್ಳುತ್ತದೆ. ಹಳೆಯ ಕೇಬಲ್ಲಿನ ಮೆತ್ತನೆ ಕುತ್ತಿಗೆಯೂ ತಾಳಿಕೊಂಡಿತ್ತು. ಗಿಡ್ಡ, ಗಟ್ಟಿ ಕುತ್ತಿಗೆ ಬಂದ ಮೇಲೆ ಬಗ್ಗುವ ಭಾರವೆಲ್ಲ ಒಂದೇ ಬಿಂದುವಿಗೆ ಬಿತ್ತು. ಹಾಗೆ ಬಿಗಿದದ್ದನ್ನು ತಗಡಿನ ಕೆಳಗಿನ ಕಾವಿನಲ್ಲಿಟ್ಟಾಗ ತಂತಿಗಳು ಒಂದೊಂದಾಗಿ ಕೈಬಿಟ್ಟವು. ನಾನು ಮಂಗಳವಾರ ಸಾವಿರ ಸಲ ಆಡಿಸಿದೆ. ತಿರುಚಿ, ಬಗ್ಗಿಸಿ, ಆಡಿಸದೆ ಒಂದು ದಿನ ಇಟ್ಟು ನೋಡಲಿಲ್ಲ.

ನಾನು ತೋರಿಸಿದ್ದನ್ನು ನೋಡಿ ಅವಳು ಕೈಯಲ್ಲಿದ್ದ ಲಡಿಯನ್ನು ಡಬ್ಬಿಯ ಮೇಲಿಟ್ಟಳು. "ಹಂಗಾದ್ರೆ ನಂದೇ ತಪ್ಪು," ಎಂದಳು.

ನಾನು ಮೇಜಿಗೆ ಹೋಗಿ ಹಳೆಯ ರಿಜಿಸ್ಟರ್ ತೆಗೆದೆ. ಹನ್ನೊಂದು ತಿಂಗಳ ಹಿಂದಿನ ಪುಟ. ನನ್ನದೇ ಅಕ್ಷರ: "ಕೇಬಲ್ಲು ಸುತ್ತಲು ಲಡಿ ವಿಧಾನ ಒಪ್ಪಿದೆ. ಇನ್ನು ಮುಂದೆ ಎಲ್ಲರೂ ಹೀಗೆಯೇ ಸುತ್ತತಕ್ಕದ್ದು." ಕೆಳಗೆ ನನ್ನ ಸಹಿ. ಸಾಲದ್ದಕ್ಕೆ ಲಡಿಯ ಫೋಟೋ ತೆಗೆಸಿ ಗೋಡೆಗೆ ಹಾಕಿಸಿದ್ದೆ. ಸಡಿಲವಾಗಿ ಸುತ್ತಿದವರಿಂದ ಬಿಚ್ಚಿಸಿ ಮತ್ತೆ ಸುತ್ತಿಸುತ್ತಿದ್ದೆ. ಟೆಲಿಫೋನ್ ಕಾರ್ಖಾನೆಯಲ್ಲಿ ಕೆಲಸದ ವಿಧಾನ ಏನೇ ಬದಲಾದರೂ ಮೂರು ದಿನ ಇಟ್ಟು ಮತ್ತೆ ಪರೀಕ್ಷಿಸಬೇಕೆಂಬ ನಿಯಮವಿತ್ತು. ಮೂವತ್ತೊಂದು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ತಪ್ಪಿಸಿರಲಿಲ್ಲ. ಇಲ್ಲಿ ತಪ್ಪಿಸಿದ್ದೆ, ಏಕೆಂದರೆ ಲಡಿ ನೋಡಲು ಅಷ್ಟು ಅಚ್ಚುಕಟ್ಟಾಗಿತ್ತು.

ಹತ್ತೂವರೆಗೆ ಮ್ಯಾನೇಜರ ಕೋಣೆಗೆ ಹೋದೆವು, ಇಬ್ಬರೂ. ಅವರು ಎಲ್ಲ ಕೇಳಿ ಮೊದಲ ಬಾರಿಗೆ ಖುಷಿಯಾದರು. "ಸರಿಹೋಯ್ತಲ್ಲ ಮೇಡಂ. ಸುತ್ತೋದು ಕಲಿಸಿದ್ದು ಈಯಮ್ಮನೇ. ಒಬ್ರ ಹೆಸರು ಬರೆದುಕೊಟ್ರೆ ಇನ್‌ಸ್ಪೆಕ್ಟರ್‌ಗೂ ಸಮಾಧಾನ, ನಾಳೆ ಲಾರಿನೂ ಹೋಗತ್ತೆ."

ರಿಜಿಸ್ಟರಿನ ಪುಟ ತೆರೆದು ಅವರ ಮುಂದಿಟ್ಟೆ. "ಹೆಸರು ಬೇಕಂದ್ರೆ ಇಲ್ಲಿದೆ. ಕಲಿಸಿದ್ದು ಅವಳು. ಎಲ್ಲರೂ ಮಾಡಲೇಬೇಕು ಅಂದಿದ್ದು ನಾನು. ವರದಿಲಿ ಹೀಗೇ ಬರೀತೀನಿ. ಲಾರಿ ಮಾತ್ರ ಹೀಗೇ ಹೋಗಲ್ಲ. ಸಾವಿರದ ಇನ್ನೂರೂ ಬಿಚ್ಚಬೇಕು."

ಅವರು ಪುಟವನ್ನು ಎರಡು ಸಲ ಓದಿದರು. ಸೀಲ್ ಚೀಟಿ ಅಷ್ಟು ಇಲ್ಲ ಎಂದರು. ಇದೆ, ಎರಡನೇ ಕಪಾಟಿನ ಕೆಳಗಿನ ಖಾನೆಯಲ್ಲಿ, ಹದಿನೈದು ನೂರು ಎಂದೆ. ಆಳು ಸಾಲದು ಎಂದರು. ನಾನೂ ಕೂರುತ್ತೇನೆ, ನೀವೂ ಬನ್ನಿ ಎಂದೆ. ಅವರು ಬರಲಿಲ್ಲ. ಆದರೆ ತಡೆಯಲೂ ಇಲ್ಲ.

ಕೆಲಸ ಹಂಚಿದೆ. ಇಬ್ಬರು ಡಬ್ಬಿ ತೆರೆದು ಗೂಡಿನ ರಟ್ಟನ್ನು ಉಕ್ಕಿನ ಸ್ಕೇಲು ಹಿಡಿದು ಹರಿಯುವುದು. ಲೀಡರ್ ಪರೀಕ್ಷಿಸುವುದು. ಉಳಿದವರು ನಾಲ್ಕು ಬೆರಳಿನ ಬಳೆ ಸುತ್ತಿ, ಕಾಗದದ ಪಟ್ಟಿಯಿಂದ ಸಡಿಲವಾಗಿ ಕಟ್ಟುವುದು. ಸಡಿಲ ಎಂದರೆ ಅವರ ಕೈ ಕೇಳುವುದಿಲ್ಲ. ಹತ್ತು ಡಬ್ಬಿ ಆದ ಮೇಲೆ ಬೆರಳುಗಳು ತಾವೇ ತಿರುಚತೊಡಗುತ್ತವೆ. ಹನ್ನೊಂದು ತಿಂಗಳು "ಬಿಗಿ ಮಾಡಿ, ಬಿಗಿ ಮಾಡಿ" ಎಂದು ಅವರ ತಲೆ ತಿಂದ ನಾನೇ "ಬಿಡಿ, ಬಿಡಿ" ಎನ್ನುತ್ತ ಓಡಾಡಿದೆ. ಸುತ್ತಿನ ಅಗಲಕ್ಕೆ ಒಂದು ಅಳತೆ ಕೊಡೋಣವೆಂದು ಸ್ಟೀಲ್ ಲೋಟವೊಂದನ್ನು ತಂದು ಅದರ ಮೇಲೆ ಸುತ್ತಲು ಹೇಳಿದೆ. ಲೋಟದ ಮೇಲೆ ಅವು ಮತ್ತೆ ಬಿಗಿಯಾದವು. ಲೋಟ ವಾಪಸು ಹೋಯಿತು. ಸರಬರಾಜಿನವನಿಗೆ ಫೋನ್ ಮಾಡಿ, ಹಳೆಯ ಕುತ್ತಿಗೆಯ ಕೇಬಲ್ಲು ಉಳಿದಿದ್ದರೆ ಇವತ್ತೇ ಕಳಿಸು, ಇಲ್ಲದಿದ್ದರೆ ಕುತ್ತಿಗೆ ಬದಲಾಯಿಸಿದ್ದು ನಾಳೆಯ ವರದಿಯ ಮೊದಲ ಸಾಲಾಗುತ್ತದೆ ಎಂದೆ. ನಾಲ್ಕು ಗಂಟೆಗೆ ಆಟೋದಲ್ಲಿ ಒಂದು ಚೀಲ ಬಂತು. ಅವತ್ತು ಹೈವೇಯಲ್ಲಿ ಲಾರಿಗಳಿರಲಿಲ್ಲವೇನೋ.

ಐದೂವರೆಗೆ ಏಳುನೂರ ಎಂಬತ್ತು ಡಬ್ಬಿ ಮುಗಿದಿದ್ದವು. ಅಲ್ಲಿಗೆ ನಿಲ್ಲಿಸಿದೆ. ದಣಿದ ಕೈ ಮತ್ತೆ ಜಗ್ಗುತ್ತದೆ.

ಶನಿವಾರ ಆರೂವರೆಗೆ ಶುರು ಮಾಡಿದೆವು. ಲಗ್ನ ಮುಗಿಸಿದ ಓರಗಿತ್ತಿಯರೂ ಬಂದರು, ಕೈಯ ಮೆಹೆಂದಿ ಇನ್ನೂ ಕೆಂಪಗಿತ್ತು. ಒಂಬತ್ತು ಮುಕ್ಕಾಲಿಗೆ ಕೊನೆಯ ಡಬ್ಬಿಗೆ ಸೀಲ್ ಬಿತ್ತು. ಒಟ್ಟು ಸತ್ತದ್ದು ಇನ್ನೂರ ಮೂವತ್ತೊಂದು. ಎಲ್ಲದಕ್ಕೂ ಹಳೆಯ ಕುತ್ತಿಗೆಯ ಕೇಬಲ್ಲು ಹಾಕಿದ್ದೆವು.

ಹತ್ತಕ್ಕೆ ಇನ್‌ಸ್ಪೆಕ್ಟರ್ ಬಂದರು. ಐವತ್ತು ಡಬ್ಬಿ ತಾವೇ ಆರಿಸಿ ತೆಗೆದು, ಒಂದೊಂದನ್ನೂ ಪರೀಕ್ಷಿಸಿದರು. ಐವತ್ತಕ್ಕೂ ಎರಡೂ ದೀಪ ಹತ್ತಿದವು. ನನ್ನ ವರದಿ ಓದಿದರು. ಲಡಿಯನ್ನು ಒಪ್ಪಿದವರ ಹೆಸರಿನ ಕೆಳಗೆ ಗೆರೆ ಎಳೆದರು, ಕುತ್ತಿಗೆ ಬದಲಾದ ಸಾಲಿನ ಕೆಳಗೂ ಎಳೆದರು. ನನ್ನ ವಿಷಯ ಹೆಡ್ ಆಫೀಸಿಗೆ ಹೋಗುತ್ತದೆ ಎಂದರು. ಹೋಗಲಿ ಎಂದೆ. ಮಾಲು ಪಾಸಾಯಿತು. ಸಹಿ ಹಾಕಿದ ಮೇಲೆ ತೆರೆದಿದ್ದ ಡಬ್ಬಿಯೊಂದನ್ನು ನೋಡಿ, "ಆದ್ರೂ ಮೇಡಂ, ಮೊದ್ಲೆಲ್ಲ ಪ್ಯಾಕಿಂಗ್ ಎಷ್ಟು ನೀಟಾಗಿರ್ತಿತ್ತು. ಇದೇನು ಹೀಗೆ?" ಎಂದರು. ಫಾರಂನಲ್ಲಿಯೂ ಬರೆದರು: ಕೇಬಲ್ಲಿನ ಜೋಡಣೆ ಅಂದವಾಗಿಲ್ಲ. ಲೈನಿನ ಕಡೆಯಿಂದ ಯಾರೋ ಕೆಮ್ಮಿದರು. ಆ ಷರಾಕ್ಕೆ ನಾನು ಸಹಿ ಹಾಕಿದೆ.

ಒಂದೂಕಾಲಿಗೆ ಲಾರಿ ಹೊರಟಿತು. ಊಟದ ನಂತರ ಮುಂದಿನ ಸೋಮವಾರದ ಕೆಲಸ ಹಂಚುವ ಹಾಳೆ ತುಂಬಿದೆ. ಲೈನ್ ಲೀಡರ್ ಎಂಬ ಖಾನೆಯಲ್ಲಿ ಅವಳ ಹೆಸರು ಬರೆದು ಮ್ಯಾನೇಜರ ಮುಂದಿಟ್ಟೆ. ಅವರು ಹೆಸರನ್ನು ನೋಡಿದರು, ನನ್ನನ್ನು ನೋಡಿದರು, ಸಹಿ ಹಾಕಿ ಹಾಳೆಯನ್ನು ನನ್ನ ಕಡೆಗೆ ಸರಿಸಿದರು.

ಉಳಿದದ್ದು ಗೋಡೆ. ಲಡಿಯ ಫೋಟೋ ಕಿತ್ತು ರಿಜಿಸ್ಟರಿನ ಹಳೆಯ ಪುಟಕ್ಕೆ ಅಂಟಿಸಿ, "ರದ್ದು" ಎಂದು ಬರೆದು ಸಹಿ ಮಾಡಿದೆ. ಆ ಜಾಗಕ್ಕೆ ಹೊಸ ಮಾದರಿ ಬೇಕಿತ್ತು. ಲೀಡರಿಗೆ ಒಂದು ಚೆನ್ನಾದ ಬಳೆ ಸುತ್ತಿಕೊಡು ಎಂದೆ. ಅವಳು ಸುತ್ತಿದಳು. ಎಷ್ಟು ಹೇಳಿದರೂ ಅದು ಚೆನ್ನಾಗಿಯೇ ಬಂತು, ಬಿಗಿಯಾಗಿಯೇ ಬಂತು. ಮೂರು ಸಲ ಬಿಚ್ಚಿಸಿದೆ.

"ನನ್ ಕೈಲಿ ಆಗಲ್ಲ ಅಮ್ಮ. ನಿಮ್ ಚಕ್ಕುಲಿನೇ ಹಾಕ್ಬಿಡಿ," ಎಂದಳು.

ಗುರುವಾರದ ಅಡ್ಡಗೆರೆಯ ಡಬ್ಬಿಗಳಲ್ಲಿ ಒಂದನ್ನು ಮಾದರಿಗೆಂದು ಎತ್ತಿಟ್ಟಿದ್ದೆ. ಅದರ ಕೇಬಲ್ಲನ್ನು ತೆಗೆದು, ಎರಡು ತುದಿ ಚುಚ್ಚಿ, ಎರಡು ಹಸಿರು ದೀಪ ನೋಡಿ, ಮೊಳೆಗೆ ನೇತುಹಾಕಿದೆ. ಅದು ಒಂದು ಕಡೆಗೆ ವಾಲಿತು. ನೆಟ್ಟಗೆ ಮಾಡಲು ಕೈ ಎತ್ತಿದವಳು ಹಾಗೆಯೇ ಇಳಿಸಿದೆ. ಮೂರು ಗಂಟೆ ನಲವತ್ತು ನಿಮಿಷ ಎಂದು ರಿಜಿಸ್ಟರಿನಲ್ಲಿ ಬರೆದು ಮುಚ್ಚಿದೆ.